ಹನ್ನೆರಡು ಮೆಟ್ಟಿಲು, ಒಂದು ಅಡುಗೆಮನೆ: ಬೆನೆಡಿಕ್ಟೈನ್ ಮಠಗಳಲ್ಲಿ ದೀನತೆಯ ಅಭ್ಯಾಸ ಹೇಗೆ ನಡೆಯುತ್ತದೆ?

ಬೆಂಗಳೂರಿನಿಂದ ಮೈಸೂರು ರಸ್ತೆ ಹಿಡಿದು ಕೆಂಗೇರಿ ದಾಟಿದರೆ ಕುಂಬಳಗೋಡಿನ ಕಡೆ ಆಶೀರ್ವನಂ ಅನ್ನುವ ಮಠ ಇದೆ. ಅದು ಬೆನೆಡಿಕ್ಟೈನ್ ಸನ್ಯಾಸಿಗಳ ಮಠ. ಮೊಬೈಲು, ಟ್ರಾಫಿಕ್ಕು ಎಲ್ಲ ಬಿಟ್ಟು ಎರಡು ದಿನ ಸುಮ್ನೆ ಇದ್ದು ಬರೋಣ ಅಂತ ಇಂಥ ಮಠಗಳ ಬಗ್ಗೆ ವಿಚಾರಿಸುವವರು ಈಗ ಸಿಗುತ್ತಾರೆ, ಅವರಲ್ಲಿ ಕ್ರೈಸ್ತರಲ್ಲದವರೂ ಇರುತ್ತಾರೆ. ಹೋಗುವ ಮೊದಲು ಇವರು ಪಾಲಿಸುವ ನಿಯಮ ಏನು ನೋಡೋಣ ಅಂತ ಸಂತ ಬೆನೆಡಿಕ್ಟರ ನಿಯಮಾವಳಿ ತೆರೆದರೆ, ಏಳನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ಮನಸ್ಸಿಗೆ ಇರಿಸುಮುರಿಸಾಗುತ್ತದೆ. ಎಲ್ಲರಿಗಿಂತ ನಾನೇ ಕೀಳು ಅಂತ ಬಾಯಲ್ಲಿ ಹೇಳಿದರೆ ಸಾಲದು, ಒಳಗೂ ನಂಬಬೇಕು. ಕೇಳದೆ ಮಾತಾಡಬಾರದು. ಸುಲಭಕ್ಕೆ ನಗಬಾರದು. ಅನ್ಯಾಯವಾದರೂ ಸಹಿಸಬೇಕು. ಆತ್ಮವಿಶ್ವಾಸ ಬೆಳೆಸಿಕೊಳ್ಳಿ ಅಂತ ಎಲ್ಲ ಕಡೆ ಕೇಳಿಸಿಕೊಂಡು ಬಂದವರಿಗೆ ಇದು ಏನು ಅಂತ ಅನಿಸುವುದು ಸಹಜ.

ಸುಮಾರು 1,500 ವರ್ಷದಿಂದ ಸಾವಿರಾರು ಮಠಗಳಲ್ಲಿ ಜನ ಇದನ್ನು ಓದುತ್ತಾ, ಬದುಕುತ್ತಾ ಬಂದಿದ್ದಾರೆ. ಅವರು ಇದರಲ್ಲಿ ಏನು ಕಂಡರು ಅನ್ನುವುದು ಬರೀ ಏಳನೇ ಅಧ್ಯಾಯ ಓದಿದರೆ ತಿಳಿಯುವುದಿಲ್ಲ. ಅದರ ಜೊತೆಗೆ ಅಡುಗೆಮನೆ, ಊಟದ ಮನೆ, ತೋಟದ ಬಗ್ಗೆ ಬರೆದ ಅಧ್ಯಾಯಗಳನ್ನೂ ಓದಬೇಕು.

ಬೆನೆಡಿಕ್ಟ್ ಯಾರು, ನಿಯಮಾವಳಿ ಯಾವುದು?

ಬೆನೆಡಿಕ್ಟ್ ಹುಟ್ಟಿದ್ದು ಸುಮಾರು 480ರಲ್ಲಿ, ಇಟಲಿಯ ನೂರ್ಸಿಯಾದಲ್ಲಿ. ಪಶ್ಚಿಮ ರೋಮನ್ ಸಾಮ್ರಾಜ್ಯ ಕುಸಿದು ಆಗಿನ್ನೂ ಕೆಲವೇ ವರ್ಷವಾಗಿತ್ತು. ಓದಲು ರೋಮ್‌ಗೆ ಹೋದ ಹುಡುಗನಿಗೆ ಅಲ್ಲಿನ ರೀತಿನೀತಿ ಹಿಡಿಸಲಿಲ್ಲ. ಎಲ್ಲ ಬಿಟ್ಟು ಸುಬಿಯಾಕೊ ಬೆಟ್ಟದ ಒಂದು ಗುಹೆಯಲ್ಲಿ ಮೂರು ವರ್ಷ ಒಬ್ಬನೇ ಇದ್ದ. ಆಮೇಲೆ ಹತ್ತಿರದ ಒಂದು ಮಠದವರು ಬಂದು, ನೀವೇ ನಮ್ಮ ಮುಖ್ಯಸ್ಥರಾಗಿ ಅಂತ ಬೇಡಿಕೊಂಡರು. ಇವರ ಶಿಸ್ತು ತಡೆಯಲಾಗದೆ ಕೊನೆಗೆ ಅವರೇ ದ್ರಾಕ್ಷಾರಸದಲ್ಲಿ ವಿಷ ಬೆರೆಸಿದರು. ಬೆನೆಡಿಕ್ಟ್ ಕೋಪ ಮಾಡಿಕೊಳ್ಳದೆ ಎದ್ದು ಮತ್ತೆ ತಮ್ಮ ಗುಹೆಗೆ ನಡೆದರು. ಮುಂದೆ ಅಲ್ಲೇ ಸುತ್ತಮುತ್ತ 12 ಸಣ್ಣ ಮಠ ಕಟ್ಟಿ, ಸುಮಾರು 529ರಲ್ಲಿ ರೋಮ್‌ನ ದಕ್ಷಿಣಕ್ಕಿರುವ ಮೊಂಟೆ ಕಸ್ಸಿನೊ ಬೆಟ್ಟಕ್ಕೆ ಬಂದರು. ಈ ಕಥೆಗಳೆಲ್ಲ ನಮಗೆ ಸಿಗುವುದು ಪೋಪ್ ಗ್ರೆಗೊರಿ 593ರ ಆಸುಪಾಸಿನಲ್ಲಿ ಬರೆದ ಕಥನದಲ್ಲಿ.

ಸನ್ಯಾಸಿಗಳು ಒಟ್ಟಿಗೆ ಹೇಗೆ ಬಾಳಬೇಕು ಅಂತ ಬೆನೆಡಿಕ್ಟ್ ಬರೆದ ಪುಟ್ಟ ಪುಸ್ತಕವೇ ನಿಯಮಾವಳಿ. ಒಂದು ಪೀಠಿಕೆ, 73 ಅಧ್ಯಾಯ, ಅಷ್ಟೆ. ಯಾವಾಗ ಏಳಬೇಕು, ಯಾವ ಕೀರ್ತನೆ ಯಾವಾಗ ಹಾಡಬೇಕು, ಎಷ್ಟು ರೊಟ್ಟಿ, ಎಂಥ ಬಟ್ಟೆ, ಕಾಯಿಲೆಯವರನ್ನು ಹೇಗೆ ನೋಡಿಕೊಳ್ಳಬೇಕು, ಎಲ್ಲ ಇದೆ. ಈ ಎಲ್ಲದರ ನಡುವೆ ಅತಿ ಉದ್ದದ ಅಧ್ಯಾಯ ಏಳನೆಯದು, ದೀನತೆಯದು. ಅದನ್ನು ಅವರು ಶೂನ್ಯದಿಂದ ಬರೆದದ್ದಲ್ಲ. ಜಾನ್ ಕಾಸಿಯನ್ ಅನ್ನುವವರು 5ನೇ ಶತಮಾನದಲ್ಲೇ ದೀನತೆಗೆ ಹತ್ತು ಗುರುತು ಹೇಳಿದ್ದರು, ಹೆಸರು ಗೊತ್ತಿಲ್ಲದ ಇನ್ನೊಬ್ಬ ಮಠಗುರು ಅದನ್ನು ಹಿಗ್ಗಿಸಿ ಬರೆದಿದ್ದರು. ಬೆನೆಡಿಕ್ಟ್ ಅದನ್ನೆಲ್ಲ ತೆಗೆದುಕೊಂಡು ತಮ್ಮ ಮನೆಗೆ ಹೊಂದುವಂತೆ ಮಾಡಿಕೊಂಡರು.

ದೀನತೆ ಅಂದರೆ ಇಲ್ಲಿ ಏನರ್ಥ?

ನಾನು ದೇವರಲ್ಲ, ನನ್ನ ಬದುಕು ನನ್ನೊಬ್ಬನಿಂದ ನಡೆಯುತ್ತಿಲ್ಲ, ನನ್ನ ಇಷ್ಟವೇ ಜಗತ್ತಿನ ನಡುಮಧ್ಯ ಅಲ್ಲ ಅನ್ನುವ ನಿಜವನ್ನು ಒಪ್ಪಿಕೊಂಡು ಅದಕ್ಕೆ ತಕ್ಕ ಹಾಗೆ ನಡೆಯುವುದು. ಇದರಲ್ಲಿ 'ನಡೆಯುವುದು' ಅನ್ನುವ ಭಾಗವೇ ಮುಖ್ಯ. ದೀನತೆ ಅಂದ ಕೂಡಲೇ ನಾವು ಒಂದು ಭಾವನೆಯನ್ನು ನೆನೆಸಿಕೊಳ್ಳುತ್ತೇವೆ, ತನ್ನನ್ನು ತಾನು ಹೀಗಳೆದುಕೊಳ್ಳುವ ಒಂದು ಸಂಕೋಚವನ್ನು. ಬೆನೆಡಿಕ್ಟ್ ಕೇಳುವುದು ಬೇರೆ. ಬೆಳಗಿನಿಂದ ರಾತ್ರಿವರೆಗೆ ಕೈ, ಕಾಲು, ನಾಲಿಗೆ, ಕಣ್ಣು ಮಾಡುವ ಚಿಕ್ಕಚಿಕ್ಕ ಕೆಲಸಗಳನ್ನು.

ಸಂಗೀತ ಕಲಿಯಲು ಹೋದವರಿಗೆ ಮೊದಲು ಸರಳೆ ವರಸೆ ಹೇಳಿಕೊಡುತ್ತಾರಲ್ಲ, ಹಾಗೆ ಇದು. ಮನಸ್ಸಿದ್ದರೂ ಹಾಡಬೇಕು, ಇಲ್ಲದಿದ್ದರೂ ಹಾಡಬೇಕು. ಭಾವ ಬಂದಮೇಲೆ ಹಾಡ್ತೀನಿ ಅಂತ ಕೂತರೆ ಭಾವವೂ ಬರುವುದಿಲ್ಲ, ಕಂಠವೂ ಪಳಗುವುದಿಲ್ಲ. ದೇಹ ಮೊದಲು ಕಲಿಯುತ್ತದೆ, ಮನಸ್ಸು ಹಿಂದೆ ಬರುತ್ತದೆ ಅನ್ನುವುದು ಬೆನೆಡಿಕ್ಟರ ನಂಬಿಕೆ.

ಏಣಿ ಮತ್ತು ಅದರ ಮೆಟ್ಟಿಲುಗಳು

ಬೈಬಲ್ಲಿನಲ್ಲಿ ಯಕೋಬನಿಗೆ ಒಂದು ಕನಸು ಬೀಳುತ್ತದೆ. ಭೂಮಿಯಿಂದ ಸ್ವರ್ಗಕ್ಕೆ ಒಂದು ಏಣಿ, ಅದರ ಮೇಲೆ ದೇವದೂತರು ಹತ್ತುತ್ತಾ ಇಳಿಯುತ್ತಾ ಇದ್ದಾರೆ. ಬೆನೆಡಿಕ್ಟ್ ಈ ಚಿತ್ರವನ್ನು ಎತ್ತಿಕೊಳ್ಳುತ್ತಾರೆ. ಏಣಿಯ ಎರಡು ಪಕ್ಕದ ಕಂಬಗಳು ನಮ್ಮ ದೇಹ ಮತ್ತು ಆತ್ಮ. ತನ್ನನ್ನು ಹೆಚ್ಚಿಸಿಕೊಂಡವನು ಇದರಲ್ಲಿ ಇಳಿಯುತ್ತಾನೆ, ತಗ್ಗಿದವನು ಏರುತ್ತಾನೆ.

ಒಟ್ಟು 12 ಮೆಟ್ಟಿಲು. ಮೊದಲನೆಯದು ದೇವರ ಭಯ. ಹೆದರಿ ನಡುಗುವುದಕ್ಕಿಂತ ಜಾಸ್ತಿ, ದೇವರು ಸದಾ ನೋಡುತ್ತಿದ್ದಾನೆ ಅನ್ನುವುದನ್ನು ಮರೆಯದಿರುವುದು. ಉಳಿದ ಹನ್ನೊಂದೂ ಇದರ ಮೇಲೆ ನಿಂತಿವೆ, ಹಾಗಾಗಿ ಬೆನೆಡಿಕ್ಟ್ ಇದಕ್ಕೇ ಅತಿ ಹೆಚ್ಚು ಸಾಲು ಕೊಟ್ಟಿದ್ದಾರೆ. ಎರಡರಿಂದ ನಾಲ್ಕರವರೆಗೆ ವಿಧೇಯತೆ: ತನ್ನ ಇಷ್ಟಕ್ಕೇ ಅಂಟಿಕೊಳ್ಳದಿರುವುದು, ಹಿರಿಯರ ಮಾತು ಕೇಳುವುದು, ಅದು ಕಷ್ಟವಾದಾಗಲೂ ಓಡಿಹೋಗದಿರುವುದು. ಐದನೆಯದು, ಮನಸ್ಸಿನಲ್ಲಿ ಬರುವ ಕೆಟ್ಟ ಯೋಚನೆಗಳನ್ನು ಮಠಾಧಿಪತಿಯಿಂದ ಮುಚ್ಚಿಡದಿರುವುದು. ಆರನೆಯದು, ಕೊಟ್ಟದ್ದರಲ್ಲಿ, ಅದು ಎಷ್ಟೇ ಕೀಳು ಕೆಲಸವಾದರೂ, ತೃಪ್ತಿಪಡುವುದು. ಏಳನೆಯದೇ ನಮ್ಮನ್ನು ಬೆಚ್ಚಿಬೀಳಿಸುವುದು: ಎಲ್ಲರಿಗಿಂತ ನಾನು ಕೆಳಗಿನವನು ಅಂತ ಒಳಗಿನಿಂದ ನಂಬುವುದು. ಎಂಟನೆಯದು, ಮಠದ ಎಲ್ಲರೂ ಮಾಡುವುದನ್ನೇ ಮಾಡುವುದು, ವಿಶೇಷ ಅನಿಸಿಕೊಳ್ಳಲು ಹೋಗದಿರುವುದು. ಒಂಬತ್ತು, ಹತ್ತು, ಹನ್ನೊಂದು ನಾಲಿಗೆಗೆ ಸಂಬಂಧಿಸಿದವು: ಮೌನ, ನಗುವಿನಲ್ಲಿ ಹಿಡಿತ, ಮೆಲುದನಿಯ ಕೆಲವೇ ಮಾತು. ಹನ್ನೆರಡನೆಯದು, ಇದೆಲ್ಲ ಮೈಯಲ್ಲೇ ಕಾಣುವಂತಾಗುವುದು. ಪ್ರಾರ್ಥನೆಯಲ್ಲಿ, ತೋಟದಲ್ಲಿ, ದಾರಿಯಲ್ಲಿ, ಹೊಲದಲ್ಲಿ, ಕೂತಾಗ, ನಿಂತಾಗ.

ಏಳನೇ ಮೆಟ್ಟಿಲಿನ ಬಗ್ಗೆ ಒಂದು ಮಾತು ಹೇಳಬೇಕು. 'ನಾನು ಹುಳ, ಮನುಷ್ಯನಲ್ಲ' ಅನ್ನುವ ಸಾಲು ಅಲ್ಲಿ ಬರುತ್ತದೆ. ಅದು ಬೈಬಲ್ಲಿನ 22ನೇ ಕೀರ್ತನೆಯ ಸಾಲು, ಮತ್ತು ಶಿಲುಬೆಯ ಮೇಲೆ ಯೇಸು ಕೂಗಿ ಹೇಳಿದ್ದು ಇದೇ ಕೀರ್ತನೆಯ ಮೊದಲ ಸಾಲನ್ನು. ಅದನ್ನು ಓದುವ ಸನ್ಯಾಸಿಗೆ ಅದು ಸ್ವಂತ ಅವಮಾನದ ಮಾತಾಗಿ ಕೇಳಿಸುವುದಿಲ್ಲ. ಯೇಸು ಇಳಿದ ಜಾಗಕ್ಕೆ ತಾನೂ ಇಳಿಯುತ್ತಿದ್ದೇನೆ ಅಂತ ಕೇಳಿಸುತ್ತದೆ. ಈ ಹಿನ್ನೆಲೆ ಬಿಟ್ಟು ಓದಿದರೆ ಇಡೀ ಅಧ್ಯಾಯ ತಪ್ಪಾಗಿ ಅರ್ಥವಾಗುತ್ತದೆ ಅನ್ನುವುದು ನನ್ನ ಅನಿಸಿಕೆ.

ಅಡುಗೆಮನೆಯ ವಾರದ ಸರದಿ

ಈಗ 35ನೇ ಅಧ್ಯಾಯಕ್ಕೆ ಬನ್ನಿ. ಮಠದಲ್ಲಿ ಅಡುಗೆ ಮತ್ತು ಬಡಿಸುವ ಕೆಲಸ ವಾರದ ಸರದಿಯ ಮೇಲೆ ನಡೆಯುತ್ತದೆ. ಕಾಯಿಲೆಯವರು ಮತ್ತು ತುಂಬಾ ಮುಖ್ಯವಾದ ಹೊಣೆ ಹೊತ್ತವರು ಬಿಟ್ಟರೆ ಯಾರಿಗೂ ವಿನಾಯಿತಿ ಇಲ್ಲ. ಆರನೇ ಶತಮಾನದ ಇಟಲಿಯಲ್ಲಿ ಇದು ಎಷ್ಟು ದೊಡ್ಡ ಮಾತು ಅಂತ ಯೋಚಿಸಿ. ಶ್ರೀಮಂತರ ಮನೆಯಲ್ಲಿ ಅಡುಗೆ ಗುಲಾಮರ ಕೆಲಸ. ಮಠದಲ್ಲಿ ಹಿಂದೆ ಗುಲಾಮನಾಗಿದ್ದವನೂ ಇದ್ದ, ದೊಡ್ಡ ಮನೆತನದವನೂ ಇದ್ದ. ಇಬ್ಬರಿಗೂ ಒಂದೇ ಸರದಿ.

ಶನಿವಾರ ಬಂದರೆ ಸರದಿ ಮುಗಿಸುವವನು ಅಡುಗೆಮನೆ ಪೂರ್ತಿ ಶುಚಿ ಮಾಡಬೇಕು. ಎಲ್ಲರೂ ಕೈಕಾಲು ಒರೆಸಿಕೊಂಡ ಬಟ್ಟೆಗಳನ್ನು ಒಗೆಯಬೇಕು. ಆಮೇಲೆ ಅವನೂ, ನಾಳೆಯಿಂದ ಸರದಿ ವಹಿಸಿಕೊಳ್ಳುವವನೂ ಸೇರಿ ಎಲ್ಲರ ಪಾದ ತೊಳೆಯಬೇಕು. ಪಾತ್ರೆಗಳನ್ನು ಚೊಕ್ಕವಾಗಿ, ಒಂದೂ ಮುಕ್ಕಾಗದಂತೆ ಉಗ್ರಾಣದವನಿಗೆ ಒಪ್ಪಿಸಬೇಕು. ಅವನು ಅದನ್ನು ಹೊಸಬನಿಗೆ ಕೊಡುತ್ತಾನೆ, ಏನು ಕೊಟ್ಟೆ, ಏನು ಬಂತು ಅಂತ ಲೆಕ್ಕ ಇರುತ್ತದೆ. ಭಾನುವಾರ ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ ಇಬ್ಬರೂ ಎಲ್ಲರ ಮುಂದೆ ಬಾಗಿ, ನಮಗಾಗಿ ಪ್ರಾರ್ಥಿಸಿ ಅಂತ ಕೇಳುತ್ತಾರೆ. ಮುಗಿಸಿದವನು ದೇವರಿಗೆ ಕೃತಜ್ಞತೆಯ ಒಂದು ಸಾಲನ್ನು ಮೂರು ಸಲ ಹೇಳುತ್ತಾನೆ. ಶುರುಮಾಡುವವನು 'ದೇವರೇ, ನನ್ನ ನೆರವಿಗೆ ಬಾ' ಅನ್ನುವ ಸಾಲನ್ನು ಮೂರು ಸಲ ಹೇಳುತ್ತಾನೆ. ಇದು ಎಂಥ ಕೆಲಸಕ್ಕೆ? ವಾರದ ಅಡುಗೆಗೆ.

ಇದರಲ್ಲೇ ಒಂದು ಪುಟ್ಟ ಕಾಳಜಿಯೂ ಇದೆ. ಬಡಿಸುವವರಿಗೆ ಊಟಕ್ಕೆ ಒಂದು ಗಂಟೆ ಮೊದಲೇ ಸ್ವಲ್ಪ ರೊಟ್ಟಿ, ಕುಡಿಯಲು ಸ್ವಲ್ಪ ಜಾಸ್ತಿ ಕೊಡಬೇಕು ಅನ್ನುತ್ತಾರೆ ಬೆನೆಡಿಕ್ಟ್. ಹಸಿದ ಹೊಟ್ಟೆಯಲ್ಲಿ ಬೇರೆಯವರಿಗೆ ಬಡಿಸುತ್ತಾ ಗೊಣಗಬಾರದಲ್ಲ, ಅದಕ್ಕೆ. ದೀನತೆಯನ್ನು ಇಷ್ಟು ಎತ್ತರದಲ್ಲಿಟ್ಟವರು ಹಸಿವನ್ನು ಮರೆಯಲಿಲ್ಲ. ಗೊಣಗಾಟ ಅವರಿಗೆ ಸ್ವಲ್ಪವೂ ಆಗುತ್ತಿರಲಿಲ್ಲ, ನಿಯಮಾವಳಿಯಲ್ಲಿ ಮತ್ತೆ ಮತ್ತೆ ಅದನ್ನು ಎಚ್ಚರಿಸುತ್ತಾರೆ.

ಗ್ರೆಗೊರಿ ಹೇಳುವ ಒಂದು ಘಟನೆ ಇಲ್ಲಿ ನೆನಪಾಗುತ್ತದೆ. ಒಂದು ಸಂಜೆ ಬೆನೆಡಿಕ್ಟ್ ಊಟಕ್ಕೆ ಕೂತಿದ್ದಾರೆ, ಒಬ್ಬ ಯುವ ಸನ್ಯಾಸಿ ಪಕ್ಕದಲ್ಲಿ ದೀಪ ಹಿಡಿದು ನಿಂತಿದ್ದಾನೆ. ಇವನು ಒಬ್ಬ ದೊಡ್ಡ ಅಧಿಕಾರಿಯ ಮಗ. ಇವರು ಯಾರು, ಇವರು ಉಣ್ಣುವಾಗ ನಾನು ಯಾಕೆ ದೀಪ ಹಿಡಿಯಬೇಕು ಅಂತ ಮನಸ್ಸಿನಲ್ಲೇ ಅಂದುಕೊಂಡ. ಬಾಯಿಬಿಟ್ಟು ಏನೂ ಹೇಳಲಿಲ್ಲ. ಬೆನೆಡಿಕ್ಟರಿಗೆ ಅದು ಗೊತ್ತಾಯಿತು. ನಿನ್ನ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೋ ಸಹೋದರ ಅಂದರು, ದೀಪವನ್ನು ಬೇರೆಯವರಿಗೆ ಕೊಡಿಸಿ ಅವನನ್ನು ಕೂರಿಸಿದರು. ಕೈ ಸೇವೆ ಮಾಡುತ್ತಿದ್ದರೂ ಮನಸ್ಸು ಏನು ಮಾಡುತ್ತಿರುತ್ತದೆ ಅನ್ನುವುದು ಬೆನೆಡಿಕ್ಟರಿಗೆ ಚೆನ್ನಾಗಿ ಗೊತ್ತಿತ್ತು. ಐದನೇ ಮೆಟ್ಟಿಲು, ಮನಸ್ಸಿನದ್ದನ್ನು ಮುಚ್ಚಿಡಬೇಡ ಅನ್ನುವುದು, ಯಾಕೆ ಬೇಕು ಅಂತ ಇದರಿಂದ ತಿಳಿಯುತ್ತದೆ.

ಸಾಲಿನಲ್ಲಿ ಯಾರು ಮುಂದೆ?

ಯಾವ ಸಂಸ್ಥೆಯಲ್ಲಾದರೂ ಯಾರು ಮೊದಲು, ಯಾರು ಆಮೇಲೆ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ವಯಸ್ಸು ನೋಡಬೇಕಾ? ಮನೆತನ? ಓದು? 63ನೇ ಅಧ್ಯಾಯದಲ್ಲಿ ಬೆನೆಡಿಕ್ಟ್ ಇದೆಲ್ಲವನ್ನೂ ಬದಿಗಿಟ್ಟು ಒಂದೇ ಅಳತೆ ಇಡುತ್ತಾರೆ: ಮಠಕ್ಕೆ ಬಂದ ಸಮಯ. ದಿನದ ಎರಡನೇ ಗಂಟೆಗೆ ಬಂದವನು, ಅವನ ವಯಸ್ಸು ಎಷ್ಟೇ ಇರಲಿ, ಸ್ಥಾನಮಾನ ಏನೇ ಇರಲಿ, ಮೊದಲನೇ ಗಂಟೆಗೆ ಬಂದವನಿಗಿಂತ ಕಿರಿಯ. ಪ್ರಾರ್ಥನೆಗೆ ನಿಲ್ಲುವುದು, ಪ್ರಸಾದಕ್ಕೆ ಹೋಗುವುದು ಈ ಸಾಲಿನಲ್ಲೇ. ಜೀವನದ ನಡತೆ ನೋಡಿ ಅಥವಾ ತಕ್ಕ ಕಾರಣ ಇದ್ದು ಮಠಾಧಿಪತಿ ಯಾರನ್ನಾದರೂ ಮುಂದೆ ತರಬಹುದು, ಮನಸ್ಸಿಗೆ ಬಂದ ಹಾಗಲ್ಲ.

ಹಾಗೆ ಸೇರುವುದೂ ಸುಲಭವಿರಲಿಲ್ಲ. ಬಾಗಿಲು ತಟ್ಟಿದವನನ್ನು ನಾಲ್ಕೈದು ದಿನ ಕಾಯಿಸಬೇಕು ಅನ್ನುತ್ತದೆ 58ನೇ ಅಧ್ಯಾಯ. ಒಳಗೆ ಬಂದಮೇಲೆ ಒಂದು ವರ್ಷದಲ್ಲಿ ಮೂರು ಸಲ ಇಡೀ ನಿಯಮಾವಳಿ ಓದಿ ಹೇಳಬೇಕು, ಆಗುತ್ತಾ, ಇಲ್ಲವಾ ಅಂತ ಅವನೇ ತೀರ್ಮಾನಿಸಲಿ ಅಂತ.

ಕೈಕೆಲಸದಲ್ಲಿ ಪಳಗಿದವರ ವಿಷಯವೂ ಬರುತ್ತದೆ. ನನ್ನ ಕಲೆಯಿಂದ ಮಠಕ್ಕೆ ಲಾಭ ಅಂತ ಯಾರಿಗಾದರೂ ತಲೆಗೇರಿದರೆ ಅವನನ್ನು ಆ ಕೆಲಸದಿಂದ ತೆಗೆದುಬಿಡಿ, ತಗ್ಗಿದಮೇಲೆ ಮತ್ತೆ ಕೊಡಬಹುದು. ಆದಾಯ ಕಡಿಮೆಯಾದರೂ ಚಿಂತೆಯಿಲ್ಲ.

ಏನಾದರೂ ಒಡೆದು ಹೋದರೆ

ಅಡುಗೆಮನೆಯಲ್ಲೋ, ಉಗ್ರಾಣದಲ್ಲೋ, ತೋಟದಲ್ಲೋ ಕೆಲಸ ಮಾಡುವಾಗ ಏನಾದರೂ ಒಡೆದರೆ, ಕಳೆದುಹೋದರೆ ಏನು ಮಾಡಬೇಕು? ತಕ್ಷಣ ಹೋಗಿ ತಾನೇ ಹೇಳಬೇಕು. ತಾನು ಹೇಳುವ ಮೊದಲು ಬೇರೆಯವರಿಂದ ಗೊತ್ತಾದರೆ ಶಿಕ್ಷೆ ಜಾಸ್ತಿ. ಇದನ್ನು ಹೇಳುವ 46ನೇ ಅಧ್ಯಾಯದಲ್ಲೇ ಒಂದು ಸೂಕ್ಷ್ಮ ಇದೆ. ತಪ್ಪು ಒಳಗಿನದ್ದಾದರೆ, ಮನಸ್ಸಿಗೆ ಸಂಬಂಧಿಸಿದ್ದಾದರೆ, ಎಲ್ಲರ ಮುಂದೆ ಹೇಳಬೇಕಿಲ್ಲ. ಮಠಾಧಿಪತಿಗೆ ಅಥವಾ ಗಾಯವನ್ನು ಬಯಲು ಮಾಡದೆ ವಾಸಿಮಾಡಲು ಬಲ್ಲ ಹಿರಿಯರಿಗೆ ಮಾತ್ರ ಹೇಳಿದರೆ ಸಾಕು. ದೀನತೆ ಅಂದರೆ ಮಾನ ಕಳೆಯುವುದಲ್ಲ ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಸುಬಿಯಾಕೊದಲ್ಲಿ ಒಬ್ಬ ಗೋಥ್ ಜನಾಂಗದವನು ಮಠ ಸೇರಿದ್ದ. ಬಡವ, ಒಳ್ಳೆ ಮನಸ್ಸಿನವ. ಕೆರೆಯ ದಂಡೆಯ ಮುಳ್ಳುಪೊದೆ ಕಡಿಯುವಾಗ ಕತ್ತಿಯ ಅಲಗು ಹಿಡಿಯಿಂದ ಕಳಚಿ ನೀರಿಗೆ ಹಾರಿತು. ಅವನು ನಡುಗುತ್ತಾ ಓಡಿಬಂದು ಹೇಳಿಕೊಂಡ. ಬೆನೆಡಿಕ್ಟ್ ಬಂದು ಬರಿಯ ಹಿಡಿಯನ್ನು ನೀರಿನಲ್ಲಿ ಅದ್ದಿದರು, ಅಲಗು ಮೇಲೆ ಬಂದು ಸೇರಿಕೊಂಡಿತು ಅಂತ ಗ್ರೆಗೊರಿ ಬರೆಯುತ್ತಾರೆ. ಪವಾಡ ನಂಬುವುದು ಬಿಡುವುದು ಓದುವವರಿಗೆ ಬಿಟ್ಟದ್ದು. ಕತ್ತಿಯನ್ನು ಅವನ ಕೈಗೆ ಕೊಟ್ಟು ಬೆನೆಡಿಕ್ಟ್ ಹೇಳಿದ ಮಾತು ನನಗೆ ಪವಾಡಕ್ಕಿಂತ ದೊಡ್ಡದಾಗಿ ಕಾಣುತ್ತದೆ: ತಗೋ, ಕೆಲಸ ಮಾಡು, ಬೇಜಾರು ಮಾಡ್ಕೋಬೇಡ.

ಹಾಗಾದರೆ ನಗಲೇಬಾರದಾ?

ಹತ್ತನೇ ಮೆಟ್ಟಿಲು ತಡೆಯುವುದು ಮಾತುಮಾತಿಗೆ ಕಿಸಿಯುವುದನ್ನು. ಆರನೇ ಅಧ್ಯಾಯದಲ್ಲಿ ಪೋಲಿಮಾತು, ನಗಿಸುವುದಕ್ಕೇ ಆಡುವ ಹಗುರ ಮಾತು ಬೇಡ ಅನ್ನುತ್ತಾರೆ. ಚಿಕ್ಕ ಜಾಗದಲ್ಲಿ ಸಾಯುವವರೆಗೂ ಜೊತೆಗಿರಬೇಕಾದ ಜನರ ನಡುವೆ ಗೇಲಿ ಎಷ್ಟು ನೋಯಿಸುತ್ತದೆ ಅಂತ ಯೋಚಿಸಿದರೆ ಇದು ಅರ್ಥವಾಗುತ್ತದೆ. ಆದರೆ ಸಂತೋಷಕ್ಕೆ ಅಡ್ಡಿಯಿಲ್ಲ. ಉಪವಾಸದ ತಪಸ್ಸುಕಾಲವನ್ನೂ ಈಸ್ಟರ್ ಹಬ್ಬವನ್ನು ಆನಂದದಿಂದ ಎದುರು ನೋಡುತ್ತಾ ಕಳೆಯಿರಿ ಅನ್ನುತ್ತಾರೆ.

ಮಾತು ಮತ್ತು ಕಣ್ಣಿನ ಬಗ್ಗೆ ಇಷ್ಟು ಯಾಕೆ ಅಂತ 12ನೇ ಶತಮಾನದಲ್ಲಿ ಫ್ರಾನ್ಸಿನ ಮಠಾಧಿಪತಿ ಸಂತ ಬರ್ನಾರ್ಡ್ ಚೆನ್ನಾಗಿ ಬಿಡಿಸಿ ಹೇಳಿದರು. ಅವರು ಇದೇ ಏಣಿಯನ್ನು ತಿರುಗಿಸಿ, ಗರ್ವದ ಹನ್ನೆರಡು ಮೆಟ್ಟಿಲು ಬರೆದರು. ಮೊದಲನೆಯದು ಕುತೂಹಲ, ಅಂದರೆ ಕಣ್ಣು ಸದಾ ಬೇರೆಯವರ ಮೇಲೆ ಅಲೆಯುವುದು. ಮುಂದೆ ಒಂದು ಮೆಟ್ಟಿಲಿನಲ್ಲಿ ಎಲ್ಲರಿಗಿಂತ ಬೇರೆಯಾಗಿ ಕಾಣಬೇಕು ಅನ್ನುವ ಸನ್ಯಾಸಿ ಬರುತ್ತಾನೆ. ಊಟಕ್ಕೆ ಕೂತಾಗ ತನಗಿಂತ ಕಡಿಮೆ ಯಾರಾದರೂ ತಿನ್ನುತ್ತಿದ್ದಾರಾ ಅಂತ ನೋಡುತ್ತಾನೆ, ಕಂಡರೆ ಸೋತೆ ಅಂತ ಕೊರಗುತ್ತಾನೆ. ಒಬ್ಬನೇ ಇದ್ದಾಗ ಎಚ್ಚರವಾಗಿದ್ದು ಪ್ರಾರ್ಥಿಸುತ್ತಾನೆ, ಎಲ್ಲರ ಜೊತೆ ಹಾಡುವಾಗ ತೂಕಡಿಸುತ್ತಾನೆ. ಎಲ್ಲರೂ ಮಾಡುವುದನ್ನೇ ಮಾಡು ಅನ್ನುವ ಎಂಟನೇ ಮೆಟ್ಟಿಲು ಇರುವುದು ಇಂಥವನಿಗಾಗಿ. ಉಪವಾಸವೂ ಗರ್ವದ ಆಹಾರ ಆಗಬಲ್ಲದು.

ಇದು ದಬ್ಬಾಳಿಕೆಗೆ ದಾರಿಯಾಗುವುದಿಲ್ವಾ?

ಇದು ಕೇಳಲೇಬೇಕಾದ ಪ್ರಶ್ನೆ. ಧಾರ್ಮಿಕ ಸಂಸ್ಥೆಗಳಲ್ಲಿ ಅಧಿಕಾರದ ದುರ್ಬಳಕೆ ನಡೆದದ್ದು ಈಚೆಗೆ ಎಷ್ಟೋ ದೇಶಗಳಲ್ಲಿ ಬಯಲಾಗಿದೆ, ಬೆನೆಡಿಕ್ಟೈನ್ ಮಠಗಳೂ ಅದರಲ್ಲಿವೆ. ಅನ್ಯಾಯವನ್ನೂ ಮೌನವಾಗಿ ಸಹಿಸು ಅನ್ನುವ ನಾಲ್ಕನೇ ಮೆಟ್ಟಿಲನ್ನು ಕೆಟ್ಟವನ ಕೈಗೆ ಕೊಟ್ಟರೆ ಏನಾಗಬಹುದು ಅಂತ ವಿವರಿಸಬೇಕಿಲ್ಲ.

ನಿಯಮಾವಳಿ ದೀನತೆಯನ್ನು ಕೆಳಗಿನವರಿಂದ ಮಾತ್ರ ಕೇಳುವುದಿಲ್ಲ. ಮಠಾಧಿಪತಿ ಪ್ರತಿಯೊಬ್ಬನಿಗಾಗಿ ದೇವರ ಮುಂದೆ ಲೆಕ್ಕ ಒಪ್ಪಿಸಬೇಕು. ಮುಖ್ಯ ವಿಷಯ ಬಂದಾಗ ಎಲ್ಲರನ್ನೂ ಕರೆದು ಕೇಳಬೇಕು, ಕಿರಿಯರನ್ನೂ ಸೇರಿಸಿ, ಯಾಕೆಂದರೆ ಒಳ್ಳೆಯದನ್ನು ದೇವರು ಅನೇಕ ಸಲ ಕಿರಿಯರಿಗೇ ತೋರಿಸುತ್ತಾನೆ. ಮಠದ ಯಜಮಾನಿಕೆಗಿಂತ ಮಠದವರಿಗೆ ಉಪಯೋಗವಾಗುವುದು ಅವನ ಗುರಿಯಾಗಿರಬೇಕು. ತುಕ್ಕು ಉಜ್ಜುವ ಭರದಲ್ಲಿ ಪಾತ್ರೆ ಒಡೆಯಬಾರದು. ಹೊರಗಿನಿಂದ ಬಂದ ಅತಿಥಿ ಸನ್ಯಾಸಿ ವಿನಯದಿಂದ ಒಂದು ಕೊರತೆ ಎತ್ತಿ ತೋರಿಸಿದರೆ, ಇದನ್ನು ಹೇಳಲಿಕ್ಕೇ ದೇವರು ಇವನನ್ನು ಕಳಿಸಿರಬಹುದೇ ಅಂತ ಮಠಾಧಿಪತಿ ಯೋಚಿಸಬೇಕು. ಇಡೀ ಮಠವೇ ಕೆಟ್ಟು ತಮಗೆ ತಕ್ಕ ಕೆಟ್ಟವನನ್ನು ಆರಿಸಿಕೊಂಡರೆ ಅಲ್ಲಿನ ಬಿಷಪ್, ಅಕ್ಕಪಕ್ಕದ ಮಠಾಧಿಪತಿಗಳು, ಸುತ್ತಲಿನ ಕ್ರೈಸ್ತರು ಅದನ್ನು ತಡೆಯಬೇಕು ಅಂತಲೂ ಬರೆದಿದ್ದಾರೆ.

ಅಸಾಧ್ಯ ಅನಿಸುವ ಕೆಲಸ ಕೊಟ್ಟರೆ? ಮೊದಲು ಒಪ್ಪಿಕೊಳ್ಳಬೇಕು. ನಿಜಕ್ಕೂ ಮೀರಿದ್ದು ಅನಿಸಿದರೆ ಸಮಯ ನೋಡಿ, ತಾಳ್ಮೆಯಿಂದ, ಯಾಕೆ ಆಗುವುದಿಲ್ಲ ಅಂತ ಹೇಳಬೇಕು. ಮಾತು ಬಾಯಲ್ಲೇ ಉಳಿಯಬೇಕಿಲ್ಲ. ಕೇಳಿಯೂ ಹಿರಿಯರು ಅದೇ ಮಾತಿಗೆ ನಿಂತರೆ, ದೇವರ ನೆರವು ನಂಬಿ ಮಾಡಬೇಕು. ಈಗಿನ ಮಠಗಳಲ್ಲಿ ಹೊರಗಿನ ಮಠದ ಹಿರಿಯರು ಕಾಲಕಾಲಕ್ಕೆ ಬಂದು ಪ್ರತಿಯೊಬ್ಬರ ಜೊತೆ ಮಾತಾಡಿ ವರದಿ ಕೊಡುವ ಪದ್ಧತಿಯೂ ಇದೆ. ನಾಲ್ಕನೇ ಮೆಟ್ಟಿಲನ್ನು ತೋರಿಸಿ ಯಾರಾದರೂ ದೌರ್ಜನ್ಯ ಸಹಿಸು ಅಂದರೆ, ಅವರು ಉಳಿದ 72 ಅಧ್ಯಾಯಗಳನ್ನು ಮುಚ್ಚಿಟ್ಟು ಮಾತಾಡುತ್ತಿದ್ದಾರೆ ಅಂತಲೇ ಅರ್ಥ.

ಹನ್ನೆರಡೂ ಹತ್ತಿದರೆ ಏನು ಸಿಗುತ್ತದೆ?

ಏಳನೇ ಅಧ್ಯಾಯ ಶುರುವಾಗುವುದು ಭಯದಿಂದ, ಮುಗಿಯುವುದು ಪ್ರೀತಿಯಲ್ಲಿ. ಮೆಟ್ಟಿಲುಗಳನ್ನು ಏರಿದವನು ಭಯವನ್ನು ಹೊರಗಟ್ಟುವ ಪ್ರೀತಿಗೆ ಬಂದು ಸೇರುತ್ತಾನೆ, ಮೊದಲು ಅಂಜಿಕೊಂಡು ಮಾಡುತ್ತಿದ್ದನ್ನೆಲ್ಲ ಈಗ ಕಷ್ಟವಿಲ್ಲದೆ, ಸಹಜವಾಗಿ, ಅಭ್ಯಾಸದಿಂದಲೇ ಮಾಡುತ್ತಾನೆ ಅನ್ನುತ್ತಾರೆ. ನರಕದ ಹೆದರಿಕೆಯಿಂದಲ್ಲ, ಕ್ರಿಸ್ತನ ಮೇಲಿನ ಪ್ರೀತಿಯಿಂದ. 72ನೇ ಅಧ್ಯಾಯದಲ್ಲಿ ಆ ಪ್ರೀತಿ ಮಠದಲ್ಲಿ ಹೇಗೆ ಕಾಣಿಸುತ್ತದೆ ಅಂತ ಇದೆ: ಒಬ್ಬರಿಗಿಂತ ಒಬ್ಬರು ಮುಂದಾಗಿ ಗೌರವ ಕೊಡುವುದು, ಒಬ್ಬರ ದೇಹದ, ಸ್ವಭಾವದ ಕುಂದನ್ನು ಇನ್ನೊಬ್ಬರು ತಾಳಿಕೊಳ್ಳುವುದು, ತನಗೆ ಯಾವುದು ಒಳ್ಳೆಯದು ಅನ್ನುವುದಕ್ಕಿಂತ ಇನ್ನೊಬ್ಬನಿಗೆ ಯಾವುದು ಒಳ್ಳೆಯದು ಅಂತ ನೋಡುವುದು.

ಮಠದ ಹೊರಗಿನವರಿಗೆ

ಮನೆ, ಸಂಸಾರ, ಕೆಲಸದಲ್ಲಿದ್ದುಕೊಂಡೇ ಯಾವುದಾದರೂ ಒಂದು ಬೆನೆಡಿಕ್ಟೈನ್ ಮಠದ ಜೊತೆ ಬೆಸೆದುಕೊಳ್ಳುವ ವ್ಯವಸ್ಥೆ ಇದೆ. ಅಂಥವರನ್ನು ಆಬ್ಲೇಟ್ ಅನ್ನುತ್ತಾರೆ. ಒಂದಷ್ಟು ಕಾಲ ಕಲಿತು, ತಮ್ಮ ಬದುಕಿಗೆ ಆದಷ್ಟು ನಿಯಮಾವಳಿಯಂತೆ ನಡೆಯುತ್ತೇವೆ ಅಂತ ಮಾತು ಕೊಡುತ್ತಾರೆ. ಆಬ್ಲೇಟ್ ಆಗದೆ ಸುಮ್ನೆ ಓದುವವರೂ ಬೇಕಾದಷ್ಟು ಜನ ಇದ್ದಾರೆ. ನಿಯಮಾವಳಿಯನ್ನು ದಿನಕ್ಕೆ ಒಂದು ತುಂಡಿನಂತೆ ಹಂಚಿ, ವರ್ಷಕ್ಕೆ ಮೂರು ಸಲ ಪೂರ್ತಿ ಓದುವುದು ವಾಡಿಕೆ. ಜನವರಿ 1, ಮೇ 2, ಸೆಪ್ಟೆಂಬರ್ 1ಕ್ಕೆ ಹೊಸದಾಗಿ ಶುರು. ಆ ಲೆಕ್ಕದಲ್ಲಿ ಏಳನೇ ಅಧ್ಯಾಯ ಬರುವುದು ಜನವರಿ, ಮೇ, ಸೆಪ್ಟೆಂಬರ್ ತಿಂಗಳ ಕೊನೆಯ ವಾರಕ್ಕೆ. ಅದನ್ನು ಓದಿ ಮುಗಿಸಲು ಹತ್ತು ದಿನಕ್ಕಿಂತ ಜಾಸ್ತಿ ಬೇಕು.